ಹೀರೋಗೆ ಸಂಬಳ ಎಷ್ಟು?

(ಶಿವಮೊಗ್ಗದಲ್ಲಿ ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಕೆಲವನ್ನು ಕತ್ತರಿಸಿದ್ದೇನೆ. ಅಂದು ಹೇಳಲು ಮರೆತ ಒಂದೆರಡನ್ನು ಸೇರಿಸಿದ್ದೇನೆ.)

ನನ್ನನ್ನು ಇಲ್ಲಿಗೆ ಯಾಕೆ ಕರೆದರು ಅಂತ ಮೊದಲು ನನಗೇ ಗೊತ್ತಾಗಲಿಲ್ಲ. ನಾನು ಸಿನಿಮಾ ಬಗ್ಗೆ ಬರೆಯುವವಳಲ್ಲ. ಬ್ಯಾಂಕಿನಲ್ಲಿ 34 ವರ್ಷ ಕೂತು ಎದ್ದವಳು. ಮೊದಲು ಕ್ಯಾಶ್ ಕೌಂಟರ್, ಆಮೇಲೆ ಠೇವಣಿ, ಕೊನೆಗೆ ಸಾಲದ ವಿಭಾಗ. ನಿವೃತ್ತಿ ಆದ ಮೇಲೆ ಹೊತ್ತು ಹೋಗಬೇಕಲ್ಲ, ಹಿಂದಿ ಸಿನಿಮಾ, ಹಿಂದಿ ಸೀರೀಸ್ ನೋಡುವ ಚಟ ಹತ್ತಿತು. ನಮ್ಮನೆಯವರು ಒಂಬತ್ತಕ್ಕೆ ಮಲಗುತ್ತಾರೆ. ನಾನು ಹನ್ನೊಂದರವರೆಗೆ ಟೀವಿ ಮುಂದೆ. "ಮೇಡಂ, ನೀವು ಇಷ್ಟೊಂದು ನೋಡ್ತೀರಲ್ಲ, ಅದನ್ನೇ ಬಂದು ಹೇಳಿ" ಅಂತ ಫೋನ್ ಬಂತು. ಸರಿ, ಬಂದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು. ತೆರೆಯ ಮೇಲೆ ಹೀರೋ ಬಂದ ಕೂಡಲೇ ನನ್ನ ತಲೆಯಲ್ಲಿ ಏಳುವ ಪ್ರಶ್ನೆ, ಇವನಿಗೆ ಸಂಬಳ ಎಷ್ಟು? ನಗಬೇಡಿ. ಕೌಂಟರಿನಲ್ಲಿ ಕೂತವರಿಗೆ ಇದು ಅಂಟಿಕೊಳ್ಳುವ ಕಾಯಿಲೆ. ಪಾಸ್‌ಬುಕ್ ಎರಡು ಪುಟ ತಿರುವಿದರೆ ಮನುಷ್ಯನ ಅರ್ಧ ಕಥೆ ಗೊತ್ತಾಗುತ್ತದೆ. ತಿಂಗಳ ಒಂದನೇ ತಾರೀಕು ಎಷ್ಟು ಬಂತು, ಮೂರನೇ ತಾರೀಕಿಗೆ ಎಷ್ಟು ಉಳಿಯಿತು, ಯಾವ ತಿಂಗಳು ಒಮ್ಮೆಲೇ ಎಲ್ಲ ಖಾಲಿಯಾಯಿತು. ನಮ್ಮ ಶಾಖೆಗೆ ಒಬ್ಬ ಹೆಂಗಸು ಬರುತ್ತಿದ್ದರು. ಮನೆಮನೆಗೆ ಹಾಲು ಹಾಕುವವರು. ವಾರಕ್ಕೊಮ್ಮೆ ಐವತ್ತೋ ನೂರೋ ಕಟ್ಟುತ್ತಿದ್ದರು. ಪಾಸ್‌ಬುಕ್ ಮಾತ್ರ ಮನೆಗೆ ಒಯ್ಯುತ್ತಿರಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ ಅಕ್ಕ" ಅನ್ನುತ್ತಿದ್ದರು. ಹಾಗೆ ಇಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧ. ನನ್ನ ಡ್ರಾಯರಿನಲ್ಲಿ ಇತ್ತು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಹಿಂದಿ ಸಿನಿಮಾದಲ್ಲಿ ಹೀರೋಗೆ ಕೆಲಸ ಇರುತ್ತಿದ್ದ ಕಾಲ ಒಂದಿತ್ತು. 1975ರ 'ದೀವಾರ್'ನಲ್ಲಿ ಅಮಿತಾಭ್ ಬಂದರಿನ ಕೂಲಿ, ತೋಳಿಗೆ 786 ನಂಬರಿನ ಬಿಲ್ಲೆ. ಅಮೋಲ್ ಪಾಲೇಕರ್ ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಮನುಷ್ಯ. ಆಮೇಲೆ ಏನಾಯಿತೋ, ಹೀರೋ ಹೆಲಿಕಾಪ್ಟರಿನಿಂದ ಇಳಿದು ಮನೆಗೆ ಓಡಿಬರತೊಡಗಿದ. 2001ರ 'ಕಭಿ ಖುಷಿ ಕಭಿ ಗಮ್' ನೆನಪಿದೆ ತಾನೇ? ಆ ಮನೆಯ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿದರೆ ಪಕ್ಕದಲ್ಲಿ ಕೂತ ನನ್ನ ತಂಗಿ ಸಿಡುಕುತ್ತಿದ್ದಳು.

ಈಗ ಐದಾರು ವರ್ಷಗಳಿಂದ ಸಂಬಳ ವಾಪಸ್ ಬಂದಿದೆ. ದೊಡ್ಡ ಪರದೆಗಿಂತ ಮೊದಲು ಸಣ್ಣ ಪರದೆಗೆ ಬಂತು. 2020ರ ಏಪ್ರಿಲ್, ಲಾಕ್‌ಡೌನ್ ಶುರುವಾಗಿ ಹತ್ತು ದಿನ. ಬ್ಯಾಂಕಿನವರಿಗೆ ರಜೆ ಇರಲಿಲ್ಲ, ಮಾಸ್ಕ್ ಹಾಕಿ ಹೋಗುತ್ತಿದ್ದೆವು. ಆಗ 'ಪಂಚಾಯತ್' ಅನ್ನುವ ಸೀರೀಸ್ ಬಂತು. ಅಭಿಷೇಕ್ ತ್ರಿಪಾಠಿ ಅನ್ನುವ ಇಂಜಿನಿಯರಿಂಗ್ ಮುಗಿಸಿದ ಹುಡುಗ. ಬೇರೆ ಕೆಲಸ ಸಿಗದೆ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಅನ್ನುವ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಸಂಬಳ 20,000 ರೂಪಾಯಿ. ಮೊದಲ ಕಂತಿನಲ್ಲೇ ಈ ಅಂಕಿ ಬರುತ್ತದೆ. ನಾನು ನೆಟ್ಟಗೆ ಕೂತೆ.

ಆ ಕಂತಿನಲ್ಲಿ ಏನಾಗುತ್ತದೆ? ಪಂಚಾಯಿತಿ ಕಚೇರಿಯ ಬೀಗದ ಕೀ ಕಳೆದುಹೋಗುತ್ತದೆ. ಅಷ್ಟೇ. ಕೊಲೆಯಿಲ್ಲ, ಬಾಂಬ್ ಇಲ್ಲ. ಎರಡನೆಯದರಲ್ಲಿ ಹಳ್ಳಿಗೆ ಬಂದ ಸೋಲಾರ್ ದೀಪಗಳನ್ನು ಎಲ್ಲಿ ನೆಡಬೇಕು ಅನ್ನುವ ಜಗಳ. ಎಲ್ಲರಿಗೂ ತಮ್ಮ ಮನೆ ಮುಂದೆ ಬೇಕು. ಕಾರ್ಯದರ್ಶಿಗೆ ಕಚೇರಿ ಮುಂದೆ ಬೇಕು, ಯಾಕಂದರೆ ಅವನು ವಾಸ ಇರುವುದೂ ಅಲ್ಲೇ, ರಾತ್ರಿ ಕರೆಂಟ್ ಹೋದಾಗ ಎಂಬಿಎ ಪ್ರವೇಶ ಪರೀಕ್ಷೆಗೆ ಓದಬೇಕು. ಗ್ರಾಮ ಪಂಚಾಯಿತಿಯ ಮೀಟಿಂಗಿಗೆ ಒಮ್ಮೆ ಹೋಗಿಬಂದವರಿಗೆ ಇದರ ನಿಜ ಗೊತ್ತು. ನಮ್ಮ ಕಡೆ ಸೋಲಾರ್ ದೀಪದ ಬದಲು ಬೋರ್‌ವೆಲ್ ಅಂತ ಇಟ್ಟುಕೊಳ್ಳಿ, ಜಗಳ ಅದೇ.

ಒಂದು ವ್ಯತ್ಯಾಸ ಇದೆ. ಅಲ್ಲಿ ಪ್ರಧಾನರನ್ನು, ಅಂದರೆ ಪಂಚಾಯಿತಿಯ ಮುಖ್ಯಸ್ಥರನ್ನು, ಊರಿನ ಮತದಾರರೇ ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಅದಕ್ಕೇ ನಾಲ್ಕನೇ ಸೀಸನ್ನಿನ ಸೋರೆಕಾಯಿ ಚಿಹ್ನೆ, ಕುಕ್ಕರ್ ಚಿಹ್ನೆಯ ಗಲಾಟೆ ನಮಗೆ ಸ್ವಲ್ಪ ಬೇರೆ ಥರ ಕಾಣುತ್ತದೆ. ಆದರೆ ಕುರ್ಚಿ ಹೆಂಡತಿಯದು, ಆಡಳಿತ ಗಂಡನದು ಅನ್ನುವ ವ್ಯವಸ್ಥೆ ಎಲ್ಲ ಕಡೆ ಒಂದೇ. ನೀನಾ ಗುಪ್ತಾ ಆಡಿರುವ ಮಂಜು ದೇವಿ ಕಾಗದದ ಮೇಲೆ ಪ್ರಧಾನೆ, ಓಡಾಡುವುದು ರಘುವೀರ್ ಯಾದವ್. ಮೊದಲ ಸೀಸನ್ನಿನ ಕೊನೆಗೆ ಜನವರಿ 26ಕ್ಕೆ ಧ್ವಜ ಹಾರಿಸಲು ಆಕೆ ರಾಷ್ಟ್ರಗೀತೆ ಬಾಯಿಪಾಠ ಮಾಡುವ ಕಂತು ಇದೆಯಲ್ಲ, ಅದನ್ನು ನಾನು ಮೂರು ಸಲ ನೋಡಿದೆ. ನೀನಾ ಗುಪ್ತಾ ಎಲ್ಲೂ ದೊಡ್ಡದಾಗಿ ಏನನ್ನೂ ಮಾಡುವುದಿಲ್ಲ. ಸುಮ್ಮನೆ ಹೋಗಿ ನಿಲ್ಲುತ್ತಾರೆ.

ಎರಡನೇ ಸೀಸನ್ನಿನ ಕೊನೆಗೆ ಉಪಪ್ರಧಾನ ಪ್ರಹ್ಲಾದನ ಮಗ, ಸೈನಿಕ, ತೀರಿಕೊಳ್ಳುತ್ತಾನೆ. ಪ್ರಹ್ಲಾದನಾಗಿ ಅಲ್ಲಿಯವರೆಗೆ ನಮ್ಮನ್ನು ನಗಿಸುತ್ತಿದ್ದ ಫೈಸಲ್ ಮಲಿಕ್ ಮೂರನೇ ಸೀಸನ್ನಿನಲ್ಲಿ ಮನೆಯೊಳಗೆ ನಿಲ್ಲಲಾರದೆ ಎಲ್ಲೆಂದರಲ್ಲಿ ಬಿದ್ದುಕೊಂಡಿರುತ್ತಾನೆ. ಪರಿಹಾರದ ಹಣ ಬಂದಿದೆ. ಅವನಿಗೆ ಅದು ಬೇಡ. ಇಂಥ ಖಾತೆಗಳು ಪ್ರತಿ ಶಾಖೆಯಲ್ಲೂ ಒಂದೆರಡು ಇರುತ್ತವೆ. ದೊಡ್ಡ ಮೊತ್ತ ಒಮ್ಮೆ ಜಮೆ ಆಗಿರುತ್ತದೆ, ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ನಾವು ಠೇವಣಿಗೆ ಹಾಕಿಸಿ ಅಂತ ಕರೆದು ಹೇಳುತ್ತೇವೆ, ಅವರು ತಲೆ ಆಡಿಸಿ ಹೋಗುತ್ತಾರೆ. ಆ ತಲೆ ಆಡಿಸುವುದನ್ನು ಫೈಸಲ್ ಮಲಿಕ್ ಎಲ್ಲಿ ನೋಡಿ ಕಲಿತರೋ ಗೊತ್ತಿಲ್ಲ.

ನಾಲ್ಕನೇ ಸೀಸನ್ ನನಗೆ ಅಷ್ಟು ರುಚಿಸಲಿಲ್ಲ. ಚುನಾವಣೆ ಒಂದನ್ನೇ ಹಿಡಿದು ರಬ್ಬರಿನ ಹಾಗೆ ಎಳೆದರು. ಕೀ ಕಳೆದುಹೋದ ಕಥೆ ಹೇಳುವ ಧೈರ್ಯ ಇದ್ದವರಿಗೆ ಈಗ ಗೆಲುವು ಸೋಲು ಬೇಕಾಯಿತು.

ಇಲ್ಲಿ ಸ್ವಲ್ಪ ಹೆಮ್ಮೆ ಕೊಚ್ಚಿಕೊಳ್ಳಲು ಬಿಡಿ, ಕೂತಿರುವುದು ಶಿವಮೊಗ್ಗದಲ್ಲಿ. 'ಪಂಚಾಯತ್' ಚಿತ್ರೀಕರಣ ಆದದ್ದು ಬಲಿಯಾದಲ್ಲಿ ಅಲ್ಲ, ಮಧ್ಯಪ್ರದೇಶದ ಸಿಹೋರ್ ಜಿಲ್ಲೆಯ ಮಹೋಡಿಯಾ ಅನ್ನುವ ಹಳ್ಳಿಯಲ್ಲಿ. ಒಂದು ಹಳ್ಳಿಯನ್ನು ಇನ್ನೊಂದು ಹಳ್ಳಿ ಅಂತ ನಂಬಿಸುವ ಈ ಕೆಲಸವನ್ನು ಸುಮಾರು 35 ವರ್ಷ ಮೊದಲೇ ಶಂಕರ್ ನಾಗ್ ನಮ್ಮ ಆಗುಂಬೆಯಲ್ಲಿ ಮಾಡಿ ತೋರಿಸಿದ್ದರು. 'ಮಾಲ್ಗುಡಿ ಡೇಸ್' ಹಿಂದಿ ಧಾರಾವಾಹಿ, ದೂರದರ್ಶನಕ್ಕೆ ಮಾಡಿದ್ದು. ಅಭಿನಯಿಸಿದವರಲ್ಲಿ ಎಷ್ಟೋ ಮಂದಿ ನಮ್ಮವರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ದೇಶಕ್ಕೆಲ್ಲ ಹಿಂದಿಯಲ್ಲಿ ಒಂದು ಸಣ್ಣ ಊರು ತೋರಿಸಿದ್ದು ಕನ್ನಡದವರು, ಮಲೆನಾಡಿನ ಮಳೆಯಲ್ಲಿ. ಈಗ 'ಪಂಚಾಯತ್' ತಮಿಳಿಗೆ ಹೋಯಿತು, ತೆಲುಗಿಗೆ ಹೋಯಿತು. ನಮ್ಮ ಪಿಡಿಒ ಒಬ್ಬರ ಕಥೆಯನ್ನು ಯಾರಾದರೂ ಕನ್ನಡದಲ್ಲೇ ಹೊಸದಾಗಿ ಬರೆಯಬಾರದೇ? ರೀಮೇಕ್ ಬೇಡ. ಪಿಡಿಒಗಳ ಹತ್ತಿರ ಇರುವಷ್ಟು ಕಥೆ ಕಾದಂಬರಿಕಾರರ ಹತ್ತಿರವೂ ಇಲ್ಲ.

ಸರಿ, ಹಾಲಿನ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಕಿರಣ್ ರಾವ್ ಅವರ 'ಲಾಪತಾ ಲೇಡೀಸ್' 2024ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಕಥೆ ನಿಮಗೆ ಗೊತ್ತು. ರೈಲಿನಲ್ಲಿ ಮುಸುಕು ಹಾಕಿದ ಇಬ್ಬರು ಮದುಮಗಳು, ಕತ್ತಲಲ್ಲಿ ಗಂಡ ತಪ್ಪು ಹುಡುಗಿಯನ್ನು ಕೈಹಿಡಿದು ಇಳಿಸಿಕೊಳ್ಳುತ್ತಾನೆ. ಕಳೆದುಹೋದ ಹೆಂಡತಿಯ ಫೋಟೋ ತೋರಿಸು ಅಂದರೆ ಅದರಲ್ಲೂ ಮುಸುಕೇ. ಎಲ್ಲರೂ ಆ ಜೋಕಿಗೆ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಆ ಸಿನಿಮಾ ಇರುವುದು ರೈಲ್ವೆ ಸ್ಟೇಷನ್ನಿನಲ್ಲಿ. ದಾರಿ ತಪ್ಪಿದ ಫೂಲ್ ಅನ್ನುವ ಆ ಮಗುವಿನಂಥ ಮದುಮಗಳು ಸ್ಟೇಷನ್ನಿನಲ್ಲಿ ಚಹಾ, ಬ್ರೆಡ್ ಪಕೋಡ ಮಾರುವ ಮಂಜು ಮಾಯಿಯ ಜೊತೆ ನಿಲ್ಲುತ್ತಾಳೆ. ಅಂಗಡಿಗೆ ಕಲಾಕಂದ್ ಮಾಡುತ್ತಾಳೆ. ಮಂಜು ಮಾಯಿ ಅವಳ ಕೈಗೆ ದುಡ್ಡು ಇಡುತ್ತಾಳೆ. ಅಡುಗೆ ಮಾಡಿದ್ದಕ್ಕೆ ದುಡ್ಡು! ಆ ಹುಡುಗಿ ನೋಟನ್ನು ನೋಡುವ ರೀತಿ ಇದೆಯಲ್ಲ, ಅದನ್ನು ನಾನು ಕೌಂಟರಿನ ಆಚೆ ಕಡೆ ಎಷ್ಟೋ ಸಲ ನೋಡಿದ್ದೇನೆ. ಹಾಲಿನ ಹೆಂಗಸಿನ ಮೊದಲ ಸಾವಿರ ರೂಪಾಯಿ ಆದ ದಿನ ಪಾಸ್‌ಬುಕ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಓದಲು ಬರುತ್ತಿರಲಿಲ್ಲ. ಸೊನ್ನೆ ಎಣಿಸಿದರು.

ಮಂಜು ಮಾಯಿಯಾಗಿ ಛಾಯಾ ಕದಮ್ ಇದ್ದಾರೆ. ಅವರು ಗಂಡನ ಬಗ್ಗೆ, ಮಗನ ಬಗ್ಗೆ ಹೇಳುವಾಗ ಪಕೋಡ ಕರಿಯುವ ಕೈ ನಿಲ್ಲುವುದೇ ಇಲ್ಲ. ಅದೇ ಸಿನಿಮಾದಲ್ಲಿ ಇನ್ನೊಬ್ಬ ಮದುಮಗಳು ಜಯಾ, ತಪ್ಪು ಮನೆಯ ಅತ್ತೆ ಮಾಡಿದ ತಾವರೆ ದಂಟಿನ ಪಲ್ಯ ಚೆನ್ನಾಗಿದೆ ಅನ್ನುತ್ತಾಳೆ. ಅತ್ತೆಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಊಟ ಚೆನ್ನಾಗಿದೆ ಅಂತ ಯಾರಾದರೂ ಹೇಳುತ್ತಾರಾ? ಇಲ್ಲಿ ಕೂತಿರುವ ಗಂಡಸರು ಒಂದು ನಿಮಿಷ ಯೋಚಿಸಿ, ಕೈ ಎತ್ತುವುದು ಬೇಡ.

(ಇಲ್ಲಿ ಸಭೆ ನಕ್ಕಿತು. ಒಬ್ಬರು ಮಾತ್ರ ಕೈ ಎತ್ತಿದರು. ಅವರ ಹೆಂಡತಿ ಪಕ್ಕದಲ್ಲೇ ಕೂತು ತಲೆ ಅಲ್ಲಾಡಿಸುತ್ತಿದ್ದರು.)

ಆದರೆ ನನ್ನ ತಕರಾರೂ ಇದೆ. 'ಲಾಪತಾ ಲೇಡೀಸ್' ತುಂಬ ಒಳ್ಳೆಯ ಸಿನಿಮಾ. ಅತಿ ಒಳ್ಳೆಯದು ಅನ್ನಬೇಕು. ಕೊನೆಗೆ ಲಂಚಕೋರ ಇನ್ಸ್‌ಪೆಕ್ಟರ್ ಕೂಡ ಒಳ್ಳೆಯವನಾಗಿಬಿಡುತ್ತಾನೆ. ರವಿ ಕಿಶನ್ ಎಲೆ ಅಡಿಕೆ ಜಗಿಯುತ್ತಾ ಅದನ್ನು ಎಷ್ಟು ಚೆಂದ ಮಾಡಿದ್ದಾರೆ ಅಂದರೆ ನಾವು ಕೇಳುವುದಕ್ಕೇ ಹೋಗುವುದಿಲ್ಲ. ನಿಜದಲ್ಲಿ ಅಷ್ಟು ಸುಲಭಕ್ಕೆ ಬಿಡುವ ಠಾಣೆ ಎಲ್ಲಿದೆ?

ಅದಕ್ಕೇ ಆರತಿ ಕಡವ್ ಅವರ 'ಮಿಸೆಸ್' ನೋಡಿದ ಮೇಲೆ ಬಾಯಿ ಒಣಗಿತು. 2021ರ ಮಲಯಾಳಂ 'ದಿ ಗ್ರೇಟ್ ಇಂಡಿಯನ್ ಕಿಚನ್'ನ ಹಿಂದಿ ರೂಪ, 2025ರಲ್ಲಿ ಬಂತು. ಮಲಯಾಳಂದೇ ಜಾಸ್ತಿ ಗಟ್ಟಿ. ಅಲ್ಲಿ ಶಬರಿಮಲೆ ವ್ರತದ ದಿನಗಳಿದ್ದವು, ಮುಟ್ಟಿನ ಮಾತಿತ್ತು, ಆ ಕೋಪ ಹಿಂದಿಗೆ ಬರುವಷ್ಟರಲ್ಲಿ ಸ್ವಲ್ಪ ನೀರಾಗಿದೆ. ಆದರೆ ಸಾನ್ಯಾ ಮಲ್ಹೋತ್ರಾ ಚಟ್ನಿ ರುಬ್ಬುವುದನ್ನು ನೋಡಿ. ಮಿಕ್ಸಿ ಇದೆ. ಮಾವನಿಗೆ ಕಲ್ಲಿನಲ್ಲಿ ಅರೆದದ್ದೇ ಬೇಕು. ಮಾವ ಬೈಯುವುದಿಲ್ಲ, ಕೂಗುವುದಿಲ್ಲ. ಮೆಲ್ಲಗೆ, ಮಗಳೇ ಅಂತ ಕರೆದು ಹೇಳುತ್ತಾರೆ. ಕನ್ವಲ್‌ಜೀತ್ ಸಿಂಗ್ ಅವರನ್ನು ನಾವೆಲ್ಲ ದೂರದರ್ಶನದ 'ಬುನಿಯಾದ್'ನಿಂದ ಬಲ್ಲೆವು. ಆ ಸಭ್ಯ ಮುಖವನ್ನು ಇಲ್ಲಿಗೆ ಆರಿಸಿದವರಿಗೆ ಕೈ ಮುಗಿಯಬೇಕು.

ನಮ್ಮ ಮನೆಯಲ್ಲೂ ಒರಳುಕಲ್ಲಿತ್ತು. ನಾನು ಎಂಟೂವರೆ ಬಸ್ಸಿಗೆ ಬ್ಯಾಂಕಿಗೆ ಹೋಗಬೇಕು, ಅದಕ್ಕೆ ಮೊದಲು ದೋಸೆ ಹಿಟ್ಟಿನ ಕೆಲಸ. ನಮ್ಮತ್ತೆ ಕೆಟ್ಟವರಲ್ಲ. ಗ್ರೈಂಡರಿನಲ್ಲಿ ರುಬ್ಬಿದರೆ ಹಿಟ್ಟು ಬಿಸಿಯಾಗುತ್ತದೆ, ರುಚಿ ಹೋಗುತ್ತದೆ ಅನ್ನುತ್ತಿದ್ದರು. ಅದು ನಿಜವೂ ಹೌದು. ನಿಜ ಆದರೆ ರುಬ್ಬುವವರು ಯಾರು? ಈ ಸಿನಿಮಾದಲ್ಲಿ ಹೆಂಡತಿಗೆ ಸಂಬಳ ಎಷ್ಟು ಅಂತ ಕೇಳುವ ಹಾಗೇ ಇಲ್ಲ. ಒಂದು ವಿಷಯ ಗಮನಿಸಿ. ಅಡುಗೆಮನೆಯ ಸಿಂಕಿನ ಪೈಪು ಸೋರುತ್ತದೆ, ಪ್ಲಂಬರನ್ನು ಕರೆಸಿ ಅಂತ ಅವಳು ಎಷ್ಟು ಸಲ ಹೇಳಿದರೂ ಯಾರೂ ಕರೆಸುವುದಿಲ್ಲ. ಪ್ಲಂಬರ್ ಬಂದರೆ ದುಡ್ಡು ಕೊಡಬೇಕು. ಅವಳು ಒರೆಸಿದರೆ ಪುಕ್ಕಟೆ.

'ಟ್ವೆಲ್ತ್ ಫೇಲ್' ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೆಲ್ಲ ನೋಡಿದ್ದೀರಿ. ಚಂಬಲ್ ಕಡೆಯ ಹುಡುಗ ಐಪಿಎಸ್ ಆಗುತ್ತಾನೆ. ವಿಕ್ರಾಂತ್ ಮ್ಯಾಸಿಗೆ ರಾಷ್ಟ್ರ ಪ್ರಶಸ್ತಿಯೂ ಬಂತು, 'ಜವಾನ್'ನ ಶಾರುಖ್ ಖಾನ್ ಜೊತೆ ಹಂಚಿಕೊಂಡು. ಅಜ್ಜಿ ಪಿಂಚಣಿಯಲ್ಲಿ ಉಳಿಸಿಕೊಟ್ಟ ದುಡ್ಡು ಬಸ್ಸಿನಲ್ಲಿ ಕಳುವಾಗುವ ಜಾಗದಲ್ಲಿ ನಾನು ಟೀವಿ ನಿಲ್ಲಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಹಿಟ್ಟಿನ ಗಿರಣಿಯಲ್ಲಿ ಮೈತುಂಬ ಹಿಟ್ಟು ಮೆತ್ತಿಕೊಂಡು ಓದುತ್ತಾನಲ್ಲ, ಅದೂ ಸರಿ. ಆದರೆ ನನ್ನ ಕಣ್ಣು ಅವನ ಮೇಲಿರಲಿಲ್ಲ, ಗೌರಿ ಭಯ್ಯಾ ಮೇಲಿತ್ತು. ಎಲ್ಲ ಅವಕಾಶ ಮುಗಿದು, ತೇರ್ಗಡೆ ಆಗದೆ, ಚಹಾದಂಗಡಿ ಹಾಕಿ ಉಳಿದವರಿಗೆ ಹೇಳಿಕೊಡುವವನು. ಲೆಕ್ಕ ನೋಡಿ, 2023ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಜಾಸ್ತಿ, ಆಯ್ಕೆಯಾದವರು 1,016. ದೆಹಲಿಯ ಮುಖರ್ಜಿ ನಗರ ಇರಲಿ, ಬೆಂಗಳೂರಿನ ವಿಜಯನಗರ ಇರಲಿ, ಕೋಚಿಂಗ್ ಬೀದಿಗಳಲ್ಲಿ ತುಂಬಿರುವುದು ಗೌರಿ ಭಯ್ಯಾಗಳು. ಅವರ ಮೇಲೆ ಸಿನಿಮಾ ಮಾಡಿದರೆ ಯಾರು ನೋಡುತ್ತಾರೆ ಅನ್ನುತ್ತೀರಾ? ನಾನು ನೋಡುತ್ತೇನೆ.

ಈಗ ನನ್ನ ಸ್ವಂತ ಇಲಾಖೆ. 'ಸ್ಕ್ಯಾಮ್ 1992'. ಹನ್ಸಲ್ ಮೆಹ್ತಾ ಮಾಡಿದ್ದು, 2020ರ ಅಕ್ಟೋಬರಿನಲ್ಲಿ ಬಂತು, ಹತ್ತು ಕಂತು. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಆಗಿ ಪ್ರತೀಕ್ ಗಾಂಧಿ. ಅದನ್ನು ನೋಡಿದ ಹುಡುಗರೆಲ್ಲ ಷೇರಿನ ಬಗ್ಗೆ ಮಾತಾಡಿದರು, 'ರಿಸ್ಕ್ ಹೈ ತೋ ಇಶ್ಕ್ ಹೈ' ಅಂದರು. ಅದು ಷೇರಿನ ಕಥೆಗಿಂತ ಹೆಚ್ಚಾಗಿ ರಸೀದಿಯ ಕಥೆ. ಸ್ವಲ್ಪ ತಾಳ್ಮೆ ಇರಲಿ, ಹೇಳುತ್ತೇನೆ.

ಬ್ಯಾಂಕುಗಳು ಜನರಿಂದ ತಗೊಂಡ ಠೇವಣಿಯ ಒಂದು ಪಾಲನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಲೇಬೇಕು. ಆಗ ಆ ಪಾಲು ನೂರಕ್ಕೆ 38 ರೂಪಾಯಿಗೂ ಜಾಸ್ತಿ. ಒಂದು ಬ್ಯಾಂಕಿಗೆ ಪತ್ರ ಕಡಿಮೆ ಬಿದ್ದರೆ, ಇನ್ನೊಂದಕ್ಕೆ ಕೈಯಲ್ಲಿ ಕಾಸು ಬೇಕಿದ್ದರೆ, ಹದಿನೈದು ದಿನಕ್ಕೆ ಮಾರಿ ವಾಪಸ್ ಕೊಳ್ಳುವ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಪತ್ರವನ್ನೇ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಪತ್ರ ನಮ್ಮಲ್ಲಿದೆ ಅಂತ ಒಂದು ರಸೀದಿ ಬರೆದು ಕೊಡುತ್ತಿದ್ದರು. ಅದಕ್ಕೆ ಬಿಆರ್, ಅಂದರೆ ಬ್ಯಾಂಕ್ ರಿಸೀಟ್, ಅಂತ ಹೆಸರು. ನಡುವೆ ದಲ್ಲಾಳಿ. ಬ್ಯಾಂಕಿಗೆ ಹೋಗಬೇಕಾದ ಚೆಕ್ಕು ದಲ್ಲಾಳಿಯ ಖಾತೆಗೆ ಹೋಗತೊಡಗಿತು. ಹದಿನೈದು ದಿನ ಆ ದುಡ್ಡು ಅವನದು. ಷೇರಿಗೆ ಸುರಿದ. ಸಣ್ಣ ಬ್ಯಾಂಕುಗಳು ಹಿಂದೆ ಪತ್ರವೇ ಇಲ್ಲದೆ ರಸೀದಿ ಬರೆದುಕೊಟ್ಟವು. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ 500 ಕೋಟಿ ತಾಳೆಯಾಗಲಿಲ್ಲ. 1992ರ ಏಪ್ರಿಲ್‌ನಲ್ಲಿ ಸುಚೇತಾ ದಲಾಲ್ ಅದನ್ನು ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದರು.

ಇದನ್ನೆಲ್ಲ ಒಂದು ಧಾರಾವಾಹಿ ಬೇಸರ ಬರದ ಹಾಗೆ ಹೇಳಬಲ್ಲದು ಅಂತ ನಾನು ನಂಬಿರಲಿಲ್ಲ. ಶುರುವಿನಲ್ಲೇ ಬ್ಯಾಂಕಿನ ಒಬ್ಬ ನೌಕರ ಬೆವರುತ್ತಾ ಪತ್ರಿಕೆ ಕಚೇರಿಗೆ ಬರುತ್ತಾನೆ. ಆ ಬೆವರು ನನಗೆ ಗೊತ್ತು. ಸಂಜೆ ಲೆಕ್ಕ ಕೂಡದೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟಾದರೂ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಹತ್ತು ರೂಪಾಯಿಗೆ! ಅದೇ ಹೊತ್ತಿಗೆ ಮುಂಬೈಯಲ್ಲಿ ಚೆಕ್ಕುಗಳು ಯಾರದೋ ಖಾತೆಗೆ ಇಳಿಯುತ್ತಿದ್ದವು. ಆ ವರ್ಷ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತರೆ ನಮ್ಮಲ್ಲೂ ಷೇರಿನ ಮಾತೇ. ಪಿಎಫ್ ಮೇಲೆ ಸಾಲ ತೆಗೆದು ಷೇರಿಗೆ ಹಾಕಿದವರು ಇದ್ದರು. ಒಬ್ಬರು ಮಗಳ ಮದುವೆಯನ್ನು ಎರಡು ವರ್ಷ ಮುಂದೆ ಹಾಕಬೇಕಾಯಿತು. ಸೀರೀಸಿನಲ್ಲಿ ಇಂಥವರು ಸರಿಯಾಗಿ ಕಾಣುವುದಿಲ್ಲ ಅನ್ನುವುದೇ ನನ್ನ ದೂರು. ಹರ್ಷದ್‌ನ ಕಾರು ಕಾಣುತ್ತದೆ, ಹಿನ್ನೆಲೆ ಸಂಗೀತ ಕಿವಿಯಲ್ಲಿ ಉಳಿಯುತ್ತದೆ. ಕಳೆದುಕೊಂಡವರು ಮೂಲೆಯಲ್ಲಿ ಎಲ್ಲೋ ಇದ್ದಾರೆ. ಹತ್ತು ಕಂತಿನಲ್ಲಿ ಅವರಿಗೆ ಒಂದು ಕಂತು ಕೊಡಬಹುದಿತ್ತು.

'ಜವಾನ್' ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಟ್ರ್ಯಾಕ್ಟರ್ ಸಾಲದ ರೈತನಿಗೆ ಆಗುವ ಅವಮಾನವನ್ನು ತೋರಿಸಿ, ದೊಡ್ಡವರ ಸಾಲದ ಜೊತೆ ಇಟ್ಟು ಹೋಲಿಸುತ್ತಾರೆ. ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದ ಮೇಲೆ ಸಾಲದ ವಿಭಾಗದವಳು ಎಚ್ಚರವಾದಳು. ಸಾಲ ಮನ್ನಾ ಬೇರೆ, ಲೆಕ್ಕದಿಂದ ಬರೆದುಹಾಕುವುದು ಬೇರೆ. ಬರೆದುಹಾಕಿದ ಮೇಲೂ ವಸೂಲಿಗೆ ಹೋಗಬಹುದು. ಹೋಗುತ್ತಾರಾ ಅಂತ ಕೇಳಬೇಡಿ. ಸಿನಿಮಾಗೆ ಇಷ್ಟೆಲ್ಲ ಬೇಕಿಲ್ಲ, ಅದಕ್ಕೆ ಬೇಕಾದದ್ದು ಶಾರುಖ್ ಖಾನ್ ಕ್ಯಾಮೆರಾ ನೋಡಿ ಮಾತಾಡುವುದು. ಚೆನ್ನಾಗಿಯೇ ಮಾತಾಡಿದ.

'ಅನಿಮಲ್' 3 ಗಂಟೆ 21 ನಿಮಿಷ. ಉಕ್ಕಿನ ಕಾರ್ಖಾನೆಯ ಒಡೆಯನ ಮಗ ಅಪ್ಪನ ಪ್ರೀತಿಗಾಗಿ ಊರೆಲ್ಲ ಹೆಣ ಉರುಳಿಸುತ್ತಾನೆ. ರಣಬೀರ್ ಕಪೂರ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ಆ ಕಾರ್ಖಾನೆಯಲ್ಲಿ ಉಕ್ಕು ಮಾಡುವವರು ಯಾರು, ಅವರಿಗೆ ಪಗಾರ ಆಯಿತೇ ಅಂತ ನಾನು ಕಾಯುತ್ತಲೇ ಇದ್ದೆ. ಅವನು ಹೆಂಡತಿ ಜೊತೆ ನಡೆದುಕೊಳ್ಳುವ ರೀತಿ ಬಗ್ಗೆ ಆಗಲೇ ತುಂಬ ಜನ ಬರೆದಿದ್ದಾರೆ. ನಾನು ಸೇರಿಸುವುದೇನೂ ಇಲ್ಲ, ಅರ್ಧಕ್ಕೆ ಎದ್ದು ಬರಬೇಕಿತ್ತು ಅನ್ನುವುದನ್ನು ಬಿಟ್ಟು.

ಮನಸ್ಸಿನಲ್ಲಿ ಉಳಿದದ್ದು ನೀರಜ್ ಘೇವಾನ್ ಅವರ 'ಹೋಮ್‌ಬೌಂಡ್'. ಕಾನ್ ಚಿತ್ರೋತ್ಸವಕ್ಕೆ ಹೋಗಿ ಬಂತು, ಆಸ್ಕರಿಗೆ ಭಾರತದಿಂದ ಕಳಿಸಿದ್ದೂ ಅದನ್ನೇ. ಉತ್ತರ ಭಾರತದ ಒಂದು ಹಳ್ಳಿಯ ಇಬ್ಬರು ಗೆಳೆಯರು. ಒಬ್ಬ ಮುಸಲ್ಮಾನ, ಒಬ್ಬ ದಲಿತ. ಇಬ್ಬರಿಗೂ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಖಾಕಿ ಹಾಕಿದರೆ ಯಾರೂ ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ ಅನ್ನುವ ನಂಬಿಕೆ. ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಬರುವುದಿಲ್ಲ. ವರ್ಷ ಕಳೆಯುತ್ತದೆ. ದಲಿತ ಹುಡುಗ ಚಂದನ್ ಮೀಸಲಾತಿ ಬೇಡ ಅಂತ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿರುತ್ತಾನೆ. ಪೂರ್ತಿ ಹೆಸರು ಹೇಳು ಅಂದರೆ, ಜಾತಿ ಗೊತ್ತಾಗುವ ಅಡ್ಡಹೆಸರು ಬಿಟ್ಟು, ಚಂದನ್ ಕುಮಾರ್ ಅನ್ನುತ್ತಾನೆ.

ಅರ್ಜಿ ಫಾರ್ಮಿನ ಆ ಒಂದು ಖಾನೆ. ಅದನ್ನು ತುಂಬುವಾಗ ಪೆನ್ನು ನಿಲ್ಲುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಸಾಲದ ಅರ್ಜಿಯಲ್ಲೂ ಆ ಖಾನೆ ಇತ್ತು. ಕೆಲವರು ಸುತ್ತಮುತ್ತ ನೋಡಿ ಬರೆಯುತ್ತಿದ್ದರು. ಕೆಲವರು ಖಾಲಿ ಬಿಟ್ಟು "ನೀವೇ ತುಂಬ್ಕೊಳ್ಳಿ ಮೇಡಂ" ಅನ್ನುತ್ತಿದ್ದರು. ನಾನು ಗಟ್ಟಿಯಾಗಿಯೇ ಕೇಳುತ್ತಿದ್ದೆ, "ಯಾವ ಜಾತಿ?" ಅಂತ, ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ. ಅದು ತಪ್ಪು ಅಂತ ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಈ ಸಿನಿಮಾ ನೋಡುವಾಗ. ಮುಚ್ಚಿಡುವುದು ಏನಿದೆ, ಹಾಗೇ ಹೇಳಿಬಿಟ್ಟೆ.

ಇನ್ನೊಬ್ಬ ಹುಡುಗ ಶೋಯೆಬ್. ಇಶಾನ್ ಖಟ್ಟರ್ ಮಾಡಿದ್ದಾರೆ. ಒಂದು ಕಂಪನಿಯಲ್ಲಿ ಜವಾನನ ಕೆಲಸ ಸಿಗುತ್ತದೆ. ಅಲ್ಲಿನ ನೌಕರನೊಬ್ಬ ಇವನ ಕೈಯಿಂದ ತನ್ನ ಬಾಟಲಿಗೆ ನೀರು ತುಂಬಿಸಿಕೊಳ್ಳಲು ಒಪ್ಪುವುದಿಲ್ಲ. ಗಲಾಟೆ ಇಲ್ಲ, ಬೈಗುಳ ಇಲ್ಲ. ಬಾಟಲಿ ಅಷ್ಟೇ. ಕೊನೆಗೆ ಇಬ್ಬರೂ ಸೂರತ್‌ನ ಬಟ್ಟೆ ಮಿಲ್ಲಿಗೆ ಹೋಗುತ್ತಾರೆ. ಅಲ್ಲಿಗೆ ಲಾಕ್‌ಡೌನ್ ಬರುತ್ತದೆ. 2020ರ ಮೇ ತಿಂಗಳಲ್ಲಿ ಹೆದ್ದಾರಿ ಪಕ್ಕ ಗೆಳೆಯನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತ ಒಬ್ಬ ಹುಡುಗನ ಫೋಟೋ ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. ಸಿನಿಮಾದ ಬೇರು ಆ ನಿಜ ಘಟನೆ. ಮುಂದಿನದು ಹೇಳುವುದಿಲ್ಲ. ಚಂದನ್‌ನ ಅಮ್ಮನ ಒಡೆದ ಹಿಮ್ಮಡಿಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ, ಅಷ್ಟು ಹೇಳಬಲ್ಲೆ.

ಎಲ್ಲರೂ ಇಷ್ಟೇ ಗಟ್ಟಿ ಅಂತ ಅಲ್ಲ. ಬಡತನ ತೋರಿಸುವುದೂ ಈಗ ಒಂದು ಫ್ಯಾಷನ್ ಆಗುತ್ತಿದೆ. ಒಂದು ಹಳ್ಳಿ, ನಾಲ್ಕು ಮಜಾ ಮುದುಕರು, ಒಬ್ಬ ಊರಿಗೆ ಹೊಸಬ. ಇದನ್ನೇ ಅಚ್ಚು ಮಾಡಿಕೊಂಡು ಒಂದರ ಮೇಲೊಂದು ಸೀರೀಸ್ ಬರುತ್ತಿವೆ. ನಾನು ಒಂದೊಂದರಲ್ಲಿ ಎರಡು ಕಂತು ನೋಡಿ ಬಿಟ್ಟಿದ್ದೇನೆ. ಹೆಸರೂ ನೆನಪಿಲ್ಲ.

ಮುಗಿಸುವ ಮೊದಲು, ನಮ್ಮ ಬ್ಯಾಂಕಿನವರಿಗೆ ಸಿಕ್ಕ ಒಂದೇ ಒಂದು ಮರ್ಯಾದೆಯ ಪಾತ್ರ. 'ತ್ರೀ ಆಫ್ ಅಸ್', 2023ರ ನವೆಂಬರ್. ನೆನಪು ಮಾಸುತ್ತಿರುವ ಹೆಂಗಸು ಶೆಫಾಲಿ ಶಾ, ಬಾಲ್ಯ ಕಳೆದ ವೆಂಗುರ್ಲಾಕ್ಕೆ ಗಂಡನ ಜೊತೆ ಬರುತ್ತಾಳೆ. ಕಾರವಾರ ದಾಟಿ, ಗೋವೆ ದಾಟಿದರೆ ಅದೇ. ಅಂಗಳ, ಬಾವಿ, ಹೆಂಚು ಎಲ್ಲ ನಮ್ಮ ಕರಾವಳಿಯ ಹಾಗೇ ಕಾಣುತ್ತವೆ. ಅವಳ ಶಾಲೆಯ ಗೆಳೆಯ ಈಗ ಅಲ್ಲಿ ಬ್ಯಾಂಕ್ ಮ್ಯಾನೇಜರ್. ಜೈದೀಪ್ ಅಹ್ಲಾವತ್! 'ಪಾತಾಳ್ ಲೋಕ್'ನಲ್ಲಿ ಪೊಲೀಸ್ ಹಾಥಿರಾಮ್ ಆಗಿ ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದ ಮನುಷ್ಯ ಇಲ್ಲಿ ಕಸೂತಿ ಹಾಕುತ್ತಾನೆ, ಕವಿತೆ ಬರೆಯುತ್ತಾನೆ. ಯಾರೂ ಅದನ್ನು ವಿಚಿತ್ರ ಅನ್ನುವುದಿಲ್ಲ. ನಮ್ಮ ಶಾಖೆಗೆ ಅಂಥ ಮ್ಯಾನೇಜರ್ ಒಬ್ಬರೂ ಬರಲಿಲ್ಲ. ಬಂದವರೆಲ್ಲ ಟಾರ್ಗೆಟ್ ಕೇಳಿದರು.

ಮಾತು ಮುಗಿದ ಮೇಲೆ ಪ್ರಶ್ನೆ ಇದ್ದರೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಕಾಲೇಜು ಹುಡುಗನೊಬ್ಬ ಎದ್ದು ಕೇಳಿದ, "ಮೇಡಂ, 'ಧುರಂಧರ್' ನೋಡಿದ್ರಾ? ಅದ್ರಲ್ಲಿ ಸಂಬಳ ಎಷ್ಟು?" ಎಲ್ಲರೂ ಜೋರಾಗಿ ನಕ್ಕರು. ನೋಡಿದ್ದೇನೆ ಅಂದೆ. ಅಕ್ಕನ ಮಗ ಕರೆದುಕೊಂಡು ಹೋಗಿದ್ದ. ಮೂರೂವರೆ ಗಂಟೆ. ಕರಾಚಿಯ ಲ್ಯಾರಿಯಲ್ಲಿ ಗೂಢಚಾರ, ಗುಂಡು, ರಕ್ತ. ಎಷ್ಟೋ ಕಡೆ ಕಣ್ಣು ಮುಚ್ಚಿಕೊಂಡೆ. ಅದು ಹೇಳುವ ರಾಜಕೀಯದ ಬಗ್ಗೆ ನನಗೆ ಹತ್ತು ಪ್ರಶ್ನೆಗಳಿದ್ದವು.

"ಆದ್ರೆ?" ಅಂದ ಹುಡುಗ, ಬಿಡಲಿಲ್ಲ.

ಆದರೆ ಅಕ್ಷಯ್ ಖನ್ನಾ ಕಪ್ಪು ಬಟ್ಟೆಯಲ್ಲಿ ಬಂದು ಆ ಕುಣಿಯುವವರ ನಡುವೆ ತಾನೂ ಹೆಜ್ಜೆ ಹಾಕುತ್ತಾನಲ್ಲ, ಆಗ ಅವನ ಸಂಬಳ ಕೇಳುವುದು ನನಗೆ ಮರೆತೇಹೋಯಿತು. ವಾಪಸ್ ಬರುವಾಗ ಆಟೋದಲ್ಲಿ ಕಾಲು ಆಡಿಸುತ್ತಿದ್ದೆನಂತೆ. ಅಕ್ಕನ ಮಗ ಮನೆಯವರಿಗೆಲ್ಲ ಹೇಳಿದ್ದಾನೆ.